ಮೊದಲು ಮುಖ, ಕೊನೆಗೆ ಕ್ಯಾಮರಾ

(ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಮಹಿಳಾ ವಿಭಾಗ ಈ ವರ್ಷ ಒಂದು ಸಂಕಲ್ಪ ಮಾಡಿದೆ. ಅರವತ್ತರ ದಶಕದಲ್ಲಿ ಮದುವೆಯಾಗಿ ಮುಂಬಯಿಗೆ ಬಂದು, ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದ ಹನ್ನೆರಡು ಮಂದಿ ಹಿರಿಯ ಮಹಿಳೆಯರ ನೆನಪುಗಳನ್ನು ಚಿತ್ರೀಕರಿಸಿ ಒಂದು ಸಾಕ್ಷ್ಯಚಿತ್ರ ಮಾಡಬೇಕೆಂಬ ಸಂಕಲ್ಪ. ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಗಂಡಸರ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಅವರಿಗೆ ಡಬ್ಬಿ ಕಟ್ಟಿಕೊಟ್ಟವರ ಕಥೆ ಕೇಳಿದ್ದು ಕಡಿಮೆ. ಈ ಹನ್ನೆರಡು ಮಂದಿಯಲ್ಲಿ ಎಂಬತ್ತು ದಾಟದವರು ಯಾರೂ ಇಲ್ಲ. ಆದ್ದರಿಂದ ಈ ಕೆಲಸಕ್ಕೆ ಎರಡನೆಯ ಅವಕಾಶ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

ಸದಸ್ಯೆಯರು ಹಣ ಕೂಡಿಸಿದ್ದಾರೆ. ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಇಪ್ಪತ್ತು ವರ್ಷದಿಂದ ಎಡಿಟಿಂಗ್ ಮಾಡ್ತಿದ್ದೀರಿ, ಯಾವ ಕ್ಯಾಮರಾ ತಗೊಳ್ಳೋಣ ಹೇಳಿ." ಅದು ಕೊನೆಯ ಪ್ರಶ್ನೆ ಎನ್ನುವುದೇ ನನ್ನ ಇವತ್ತಿನ ಮಾತಿನ ಸಾರ. ಮೊದಲನೆಯದು, ಯಾರ ಮುಖ? ಎರಡನೆಯದು, ಎಂಥ ಕೋಣೆ? ಮೂರನೆಯದು, ಇದನ್ನು ಎಲ್ಲಿ ನೋಡುತ್ತೇವೆ, ಎಷ್ಟು ಕಾಲ ಉಳಿಯಬೇಕು? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಲೆನ್ಸ್, ಸೆಟ್ಟಿಂಗ್, ಕ್ಯಾಮರಾ ಮೂರನ್ನೂ ಆರಿಸುವುದು ಸುಲಭ.

ಸಣ್ಣ ಕ್ಯಾಮರಾದಲ್ಲಿ ದೊಡ್ಡ ಕೆಲಸ ಆಗಿರುವುದಕ್ಕೆ ಉದಾಹರಣೆಗಳಿವೆ. ಅಮೆರಿಕದ ನಿರ್ದೇಶಕ ಶಾನ್ ಬೇಕರ್ 2015ರಲ್ಲಿ ಬಂದ ತಮ್ಮ 'ಟ್ಯಾಂಜರಿನ್' ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ಚಿತ್ರೀಕರಿಸಿದರು. ನಮ್ಮ ದೇಶದಲ್ಲೇ ಅಸ್ಸಾಮಿನ ರೀಮಾ ದಾಸ್ ಇದ್ದಾರೆ. 2017ರ 'ವಿಲೇಜ್ ರಾಕ್‌ಸ್ಟಾರ್ಸ್' ಚಿತ್ರಕ್ಕೆ ಕಥೆ, ನಿರ್ದೇಶನ, ಛಾಯಾಗ್ರಹಣ, ಸಂಕಲನ, ನಿರ್ಮಾಣ ಎಲ್ಲವೂ ಅವರದೇ. ತಮ್ಮ ಊರಿನ ಮಕ್ಕಳನ್ನೇ ಇಟ್ಟುಕೊಂಡು, ಊರಿನ ಬೆಳಕಿನಲ್ಲೇ ತೆಗೆದ ಆ ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಬಂತು; ಭಾರತದ ಪರವಾಗಿ ಆಸ್ಕರ್‌ಗೂ ಹೋಯಿತು. ಇದರರ್ಥ ಯಾವ ಕ್ಯಾಮರಾ ಆದರೂ ನಡೆಯುತ್ತದೆ ಎಂದಲ್ಲ. ಇವರಿಬ್ಬರಿಗೂ ತಮ್ಮ ಕೈಲಿರುವ ಕ್ಯಾಮರಾ ಏನು ಮಾಡಬಲ್ಲದು, ಏನು ಮಾಡಲಾರದು ಎನ್ನುವುದು ಚೆನ್ನಾಗಿ ಗೊತ್ತಿತ್ತು. ನಮಗೂ ಅಷ್ಟು ಗೊತ್ತಾದರೆ ಸಾಕು.

ಕೋಣೆ ಮತ್ತು ಬೆಳಕು

ನಾವು ಚಿತ್ರೀಕರಿಸುವ ಕೋಣೆ ಹೆಚ್ಚೆಂದರೆ ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದ. ಒಂದು ಕಿಟಕಿ, ಒಂದು ಟ್ಯೂಬ್‌ಲೈಟು, ಮೇಲೆ ಫ್ಯಾನು. ಹೊಸ ಲೈಟು ಕೊಳ್ಳುವ ಮೊದಲು ಕಿಟಕಿಯನ್ನು ನೋಡಿ. ಅಜ್ಜಿಯನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಡಿ. ಕಿಟಕಿಯ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳಲಿ. ಇನ್ನೊಂದು ಪಕ್ಕ ತೀರಾ ಕತ್ತಲಾದರೆ ಅಲ್ಲಿ ಒಂದು ಬಿಳಿ ಬೆಡ್‌ಶೀಟ್ ಇಳಿಬಿಡಿ. ಬೆಳಕು ಅದಕ್ಕೆ ತಾಗಿ ಮೃದುವಾಗಿ ಮುಖಕ್ಕೆ ಮರಳುತ್ತದೆ.

ಇದನ್ನು ಬಡವರ ಉಪಾಯ ಎಂದು ಯಾರೂ ತಿಳಿಯಬಾರದು. ಸತ್ಯಜಿತ್ ರಾಯ್ ಅವರ 'ಅಪರಾಜಿತೊ' (1956) ಚಿತ್ರದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಕಾಶಿಯ ಮನೆಯ ಅಂಗಳದ ಬೆಳಕನ್ನು ಸ್ಟುಡಿಯೋದಲ್ಲಿ ತಂದಿದ್ದು ಹೀಗೆಯೇ, ಬಿಳಿ ಬಟ್ಟೆಗೆ ದೀಪ ಬಿಟ್ಟು ಅದರ ಪ್ರತಿಫಲನದಿಂದ. ನಮ್ಮ ಮೈಸೂರಿನವರು, ಮುಂಬಯಿಯಲ್ಲಿ ಹೆಸರು ಮಾಡಿದವರು ವಿ.ಕೆ. ಮೂರ್ತಿ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಮೇಲಿನಿಂದ ಇಳಿಯುವ ಆ ಬೆಳಕಿನ ಕೋಲು ನಿಮಗೆಲ್ಲ ನೆನಪಿರಬೇಕು. ಅದು ಹೊರಗಿನ ಬಿಸಿಲು. ದೊಡ್ಡ ಕನ್ನಡಿಗಳಿಂದ ಅದನ್ನು ಸ್ಟುಡಿಯೋದ ಒಳಕ್ಕೆ ತಿರುಗಿಸಿದ್ದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಬೆಡ್‌ಶೀಟ್ ಹಿಡಿದು ನಿಲ್ಲಲು ನಾವು ನಾಚಿಕೊಳ್ಳಬೇಕಾಗಿಲ್ಲ.

ಟ್ಯೂಬ್‌ಲೈಟಿನ ವಿಷಯ ಬೇರೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಹೆಚ್ಚು ಕಡಿಮೆಯಾಗುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ, ಕ್ಯಾಮರಾಕ್ಕೆ ಕಾಣುತ್ತದೆ. ಅನೇಕ ಫೋನು, ಕ್ಯಾಮರಾಗಳು ಸೆಕೆಂಡಿಗೆ 30 ಫ್ರೇಮಿಗೆ ಹೊಂದಿಸಿಯೇ ಬರುತ್ತವೆ. ಅದಕ್ಕೆ 1/60 ಸೆಕೆಂಡಿನ ಶಟರ್ ಸೇರಿದರೆ ಒಂದು ಫ್ರೇಮಿಗೆ ಹೆಚ್ಚು ಬೆಳಕು, ಇನ್ನೊಂದಕ್ಕೆ ಕಡಿಮೆ ಸಿಗುತ್ತದೆ. ಗೋಡೆಯ ಮೇಲೆ ಅಡ್ಡ ಪಟ್ಟಿಗಳು ಓಡಿದಂತೆ ಕಾಣುವುದು ಇದರಿಂದಲೇ. ಎಡಿಟಿಂಗ್ ಟೇಬಲಿಗೆ ಬಂದ ಮೇಲೆ ಇದನ್ನು ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಇದನ್ನು ಬರೆದುಕೊಳ್ಳಿ: ಸೆಕೆಂಡಿಗೆ 25 ಫ್ರೇಮು, ಶಟರ್ 1/50. ಆಗ ಪ್ರತಿ ಫ್ರೇಮಿಗೂ ದೀಪದ ಎರಡು ಪೂರ್ತಿ ಮಿಡಿತಗಳು ಸಿಗುತ್ತವೆ, ಚಲನೆಯೂ ಕಣ್ಣಿಗೆ ಸಹಜವಾಗಿರುತ್ತದೆ. ಐಫೋನಿನಲ್ಲಿ 25 ಕಾಣದಿದ್ದರೆ ಸೆಟ್ಟಿಂಗ್ಸ್‌ನ ಕ್ಯಾಮರಾ ವಿಭಾಗದಲ್ಲಿ ಪಾಲ್ ಫಾರ್ಮ್ಯಾಟ್ ಎಂಬುದನ್ನು ಆನ್ ಮಾಡಿ.

ಹೊರಗೆ ಬಿಸಿಲಿನಲ್ಲಿ ಶಟರ್ 1/50ಕ್ಕೆ ಇಟ್ಟರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಆಗ ಲೆನ್ಸಿಗೆ ಎನ್‌ಡಿ ಫಿಲ್ಟರ್ ಹಾಕಬೇಕು. ಅದು ಕ್ಯಾಮರಾಕ್ಕೆ ಕೂಲಿಂಗ್ ಗ್ಲಾಸ್ ಇದ್ದಂತೆ. ಬಣ್ಣ ಬದಲಿಸದೆ ಬೆಳಕನ್ನು ಮಾತ್ರ ಇಳಿಸುತ್ತದೆ.

ಲೆನ್ಸ್ ಆರಿಸುವುದು ಎಂದರೆ ದೂರ ಆರಿಸುವುದು

ಫೋನಿನ ಮುಖ್ಯ ಕ್ಯಾಮರಾ ಅಗಲ ನೋಟದ್ದು. ಮುಖ ದೊಡ್ಡದಾಗಿ ಕಾಣಬೇಕಾದರೆ ಅರ್ಧ ಮೀಟರಿನಷ್ಟು ಹತ್ತಿರ ಹೋಗಬೇಕು. ಹಾಗೆ ಹೋದಾಗ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಇದು ಲೆನ್ಸಿನ ತಪ್ಪಲ್ಲ, ಹತ್ತಿರ ಹೋದದ್ದರ ಫಲ. ಜೊತೆಗೆ ಎಂಬತ್ತೈದರ ಅಜ್ಜಿಯ ಮೂಗಿನ ಮುಂದೆ ಫೋನು ಹಿಡಿದರೆ ಅವರು ಮನಸ್ಸು ಬಿಚ್ಚಿ ಮಾತಾಡುವುದಾದರೂ ಹೇಗೆ? ಒಂದೂವರೆ ಮೀಟರ್ ದೂರ ಕ್ಯಾಮರಾ ಇರಲಿ. ಪ್ರಶ್ನೆ ಕೇಳುವವರು ಕ್ಯಾಮರಾದ ಪಕ್ಕದಲ್ಲೇ ಕುಳಿತಿರಲಿ. ಫೋನಿನಲ್ಲೇ ತೆಗೆಯುವುದಾದರೆ ಎರಡನೆಯ ಲೆನ್ಸ್, ಅಂದರೆ 2 ಪಟ್ಟು ಅಥವಾ 3 ಪಟ್ಟು ಹತ್ತಿರ ತೋರಿಸುವುದನ್ನು ಬಳಸಿ.

ಇನ್ನು ಲೆನ್ಸ್ ಬದಲಿಸುವ ಕ್ಯಾಮರಾ. ಅದರ ಸೆನ್ಸರ್ ಹಲವು ಅಳತೆಗಳಲ್ಲಿ ಬರುತ್ತದೆ. ಫುಲ್ ಫ್ರೇಮ್ ಎಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಎಪಿಎಸ್-ಸಿ ಎಂಬುದು ಅದಕ್ಕಿಂತ ಚಿಕ್ಕದು, ಸುಮಾರು 23.5 ಮಿ.ಮೀ. ಅಗಲ. ನಮ್ಮ ಕೆಲಸಕ್ಕೆ ಎಪಿಎಸ್-ಸಿ ಧಾರಾಳವಾಗಿ ಸಾಕು. ಅದಕ್ಕೆ 35 ಮಿ.ಮೀ. ಲೆನ್ಸ್ ಹಾಕಿ ಒಂದೂವರೆ ಮೀಟರ್ ದೂರದಲ್ಲಿಟ್ಟರೆ ಸುಮಾರು ಒಂದು ಮೀಟರ್ ಅಗಲ, ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದ ಜಾಗ ಕಾಣುತ್ತದೆ. ಅಂದರೆ ತಲೆಯಿಂದ ಎದೆಯವರೆಗೆ, ಮಾತಿನ ಜೊತೆ ಆಡುವ ಕೈಗಳ ಸಮೇತ. 50 ಮಿ.ಮೀ. ಹಾಕಿದರೆ ಮುಖ, ಭುಜ ಮಾತ್ರ. ನಮ್ಮ ಹಿರಿಯರು ಕೈಯಾಡಿಸದೆ ಮಾತಾಡುವವರಲ್ಲ. ಆದ್ದರಿಂದ ಒಂದೇ ಲೆನ್ಸ್ ಕೊಳ್ಳುವುದಾದರೆ 35 ಮಿ.ಮೀ. ಕೊಳ್ಳಿ.

ಲೆನ್ಸಿನ ಮೇಲೆ ಎಫ್ ಎಂಬ ಅಂಕಿ ಬರೆದಿರುತ್ತದೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಹೆಚ್ಚು. ಕ್ಯಾಮರಾದ ಜೊತೆ ಬರುವ ಜೂಮ್ ಲೆನ್ಸ್ ಪೂರ್ತಿ ಎಳೆದಾಗ ಸಾಮಾನ್ಯವಾಗಿ ಎಫ್5.6ಕ್ಕೆ ನಿಲ್ಲುತ್ತದೆ. ಎಫ್1.8ರ ಲೆನ್ಸ್ ಅದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಸ್ಟ್ಯಾನ್ಲಿ ಕ್ಯೂಬ್ರಿಕ್ ತಮ್ಮ 'ಬ್ಯಾರಿ ಲಿಂಡನ್' (1975) ಚಿತ್ರದ ಕೆಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲೇ ತೆಗೆಯಲು ನಾಸಾಕ್ಕೆಂದು ತಯಾರಾಗಿದ್ದ ಎಫ್0.7 ಲೆನ್ಸನ್ನು ಹುಡುಕಿ ತಂದಿದ್ದರು. ದೇವರ ಮನೆಯ ದೀಪದ ಬೆಳಕಿನಲ್ಲಿ ತೆಗೆಯಲು ನಮಗೆ ಎಫ್1.8 ಸಾಕಾಗುತ್ತದೆ.

ಆದರೆ ಇದರಲ್ಲೊಂದು ಅಪಾಯವಿದೆ. ನಾನು ಹೇಳಿದ ಅದೇ 35 ಮಿ.ಮೀ. ಲೆನ್ಸ್, ಒಂದೂವರೆ ಮೀಟರ್ ದೂರ, ಎಫ್1.8 ಇಟ್ಟರೆ ಸ್ಪಷ್ಟವಾಗಿ ಕಾಣುವ ಜಾಗದ ಆಳ ಸುಮಾರು 13 ಸೆಂ.ಮೀ. ಮಾತ್ರ. ಅಜ್ಜಿ ನಗುತ್ತಾ ಮುಂದೆ ಬಾಗಿದರೆ ಕಣ್ಣು ಮಸುಕು. ಎಫ್4ಕ್ಕೆ ಇಟ್ಟರೆ ಆ ಆಳ ಸುಮಾರು 30 ಸೆಂ.ಮೀ. ಆಗುತ್ತದೆ. ಹಿನ್ನೆಲೆ ಮಸುಕಾಗಿ ಕಾಣುವುದು ಚೆಂದ ಎಂದು ಇತ್ತೀಚೆಗೆ ಎಲ್ಲರೂ ಬಯಸುತ್ತಾರೆ. ನಮ್ಮ ಚಿತ್ರಕ್ಕೆ ಅದು ಬೇಕೇ, ಯೋಚಿಸಿ. ಅಜ್ಜಿಯ ಹಿಂದೆ ಇರುವ ಅಟ್ಟ, ಹಿತ್ತಾಳೆ ಪಾತ್ರೆ, ಗೋಡೆಯ ಮೇಲಿನ ಮದುವೆ ಫೋಟೋ, ಇವೂ ಕಥೆ ಹೇಳುತ್ತವೆ. ಅವನ್ನು ಮಸುಕು ಮಾಡಿ ಪಡೆಯುವುದೇನು?

ಧ್ವನಿಯ ಬಗ್ಗೆ ನಾಲ್ಕು ಮಾತು

ಚಿತ್ರ ಸ್ವಲ್ಪ ಮಂಕಾದರೆ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ನಮ್ಮ ಹಿರಿಯರ ಬಾಯಲ್ಲಿರುವ ಕುಂದಾಪುರದ, ಧಾರವಾಡದ, ಕಾರವಾರದ ಕನ್ನಡವೇ ಈ ಚಿತ್ರದ ಆಸ್ತಿ. ಕಾಲರ್ ಮೈಕ್ ಕೊಳ್ಳಿ. ಸೆರಗಿಗೆ ಸಿಕ್ಕಿಸುವಾಗ ಕರಿಮಣಿ ತಾಗದಂತೆ, ರೇಷ್ಮೆ ಉಜ್ಜದಂತೆ ನೋಡಿ. ಧ್ವನಿ 48 ಕಿಲೋಹರ್ಟ್ಸ್‌ನಲ್ಲಿರಲಿ, ಮಾತಿನ ಏರು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ, ಒಬ್ಬರು ಹೆಡ್‌ಫೋನ್ ಹಾಕಿ ಕೇಳುತ್ತಲೇ ಇರಲಿ. ಫ್ಯಾನ್ ಆರಿಸಬೇಕಾಗುತ್ತದೆ, ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಫ್ಯಾನ್ ಹಾಕಿ, ನೀರು ಕೊಡಿ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಅದೇ ಮಾತನ್ನು ಇನ್ನೊಮ್ಮೆ ಕೇಳಿ.

ಎನ್‌ಕೋಡಿಂಗ್: ಡಬ್ಬಿ ಬೇರೆ, ಒಳಗಿನ ಹಿಟ್ಟು ಬೇರೆ

ಈಗ ಎಲ್ಲರೂ ಹೆದರುವ ವಿಷಯ. ಎಂಪಿ4, ಎಂಒವಿ ಎನ್ನುವುದು ಡಬ್ಬಿಯ ಹೆಸರು. ಒಳಗೆ ಚಿತ್ರವನ್ನು ಹಿಂಡಿ ತುಂಬಿದ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎರಡು: 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265. ಎರಡನೆಯದು ಕಡಿಮೆ ಜಾಗದಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ, ಆದರೆ ಹಳೆಯ ಕಂಪ್ಯೂಟರ್ ಅದನ್ನು ಎಡಿಟ್ ಮಾಡಲು ಏದುಸಿರು ಬಿಡುತ್ತದೆ. ಆಗ ಎಡಿಟಿಂಗಿಗೆಂದು ಪ್ರಾಕ್ಸಿ, ಅಂದರೆ ಹಗುರವಾದ ಪ್ರತಿ ಮಾಡಿಕೊಂಡು ಕೆಲಸ ಮಾಡಿ, ಕೊನೆಗೆ ಮೂಲಕ್ಕೆ ಜೋಡಿಸಬಹುದು.

ಒಂದು ಮಾತು ಮಾತ್ರ ಮರೆಯಬೇಡಿ. ಹೀಗೆ ಹಿಂಡುವುದು ಅಕ್ಕಿ ರುಬ್ಬಿದ ಹಾಗೆ. ಹಿಟ್ಟಿನಿಂದ ದೋಸೆ ಮಾಡಬಹುದು, ಇಡ್ಲಿ ಮಾಡಬಹುದು, ಅಕ್ಕಿಯನ್ನು ಮರಳಿ ಪಡೆಯಲಾಗದು. ಒಂದು ಕುಟುಂಬದವರು ತೀರಿಹೋದ ತಾಯಿಯ ಹಾಡಿನ ವಿಡಿಯೋ ತಂದು, ವರ್ಷಾಂತಿಕಕ್ಕೆ ದೊಡ್ಡ ಪರದೆಯಲ್ಲಿ ತೋರಿಸುವಂತೆ ಮಾಡಿಕೊಡಿ ಎಂದು ಕೇಳಿದ್ದರು. ಅದು ವಾಟ್ಸಾಪಿನಲ್ಲಿ ಮನೆಯಿಂದ ಮನೆಗೆ ಹೋಗಿ ಬಂದ ಪ್ರತಿ. ಫೋನಿನಲ್ಲಿ ಜಾಗ ಇಲ್ಲವೆಂದು ಮೂಲವನ್ನು ಅಳಿಸಿಯಾಗಿತ್ತು. ಕಣ್ಣಿದ್ದ ಜಾಗದಲ್ಲಿ ಚೌಕಗಳಿದ್ದವು. ಯಾವ ಸಾಫ್ಟ್‌ವೇರ್ ಬಳಸಿದರೂ ಆ ತಾಯಿಯ ನಿಜವಾದ ಕಣ್ಣು ಮರಳಿ ಬರುವುದಿಲ್ಲ ಎಂದು ಅವರಿಗೆ ಹೇಳಬೇಕಾಯಿತು.

ಎಷ್ಟು ಹಿಂಡಬೇಕು ಎನ್ನುವುದನ್ನು ಬಿಟ್‌ರೇಟ್ ಹೇಳುತ್ತದೆ. ಲೆಕ್ಕ ಸುಲಭ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ನಿಮಿಷಕ್ಕೆ 750 ಮೆಗಾಬೈಟ್, ಗಂಟೆಗೆ 45 ಜಿಬಿ. ಹನ್ನೆರಡು ಮಂದಿ, ತಲಾ ಎರಡು ಗಂಟೆ, ಒಟ್ಟು 24 ಗಂಟೆ. ಅಂದರೆ 1,080 ಜಿಬಿ. ಒಂದು ಟೆರಾಬೈಟ್ ಹಾರ್ಡ್ ಡಿಸ್ಕ್ ತಂದರೆ ಹನ್ನೆರಡನೆಯವರ ಮನೆಯಲ್ಲಿ ತುಂಬಿಬಿಡುತ್ತದೆ. ಕಾರ್ಡು ಕೊಳ್ಳುವಾಗ ವಿ30 ಎಂಬ ಗುರುತು ನೋಡಿ. ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲದು, ನಮಗೆ ಅಷ್ಟು ಸಾಕು.

4ಕೆ ಬೇಕೇ, ಎಂದು ಕೇಳುತ್ತೀರಿ. 4ಕೆ ಎಂದರೆ 3840ಕ್ಕೆ 2160, ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳು. 4ಕೆಯಲ್ಲಿ ತೆಗೆದು ಫುಲ್ ಎಚ್‌ಡಿಯಲ್ಲಿ ಮುಗಿಸಿ ಎನ್ನುವುದು ನನ್ನ ಸಲಹೆ. ಒಂದೇ ಕ್ಯಾಮರಾದಿಂದ ತೆಗೆದ ಚಿತ್ರದಲ್ಲೇ ದೂರದ ಶಾಟು, ಹತ್ತಿರದ ಶಾಟು ಎರಡನ್ನೂ ಕತ್ತರಿಸಿಕೊಳ್ಳಬಹುದು. ಇನ್ನೊಂದು ಲಾಭವೂ ಇದೆ. ಇಳಕಲ್ ಸೀರೆಯ ಸಣ್ಣ ಚೌಕಳಿ, ತೆಳು ಗೀರುಗಳು ಕಡಿಮೆ ಚುಕ್ಕೆಗಳ ಚಿತ್ರದಲ್ಲಿ ಅಲೆಯಂತೆ ಕುಣಿಯುತ್ತವೆ. ಇದಕ್ಕೆ ಮೊಯ್ರೆ ಎನ್ನುತ್ತಾರೆ. 4ಕೆಯಲ್ಲಿ ಅದು ಕಡಿಮೆ. ಹಾಗೆಂದು ಅಜ್ಜಿಗೆ ಸೀರೆ ಬದಲಿಸಿ ಎನ್ನಬೇಡಿ. ಕ್ಯಾಮರಾವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ನೋಡಿ.

8 ಬಿಟ್, 10 ಬಿಟ್ ಎಂದರೆ ಪ್ರತಿ ಬಣ್ಣದ ಮೆಟ್ಟಿಲುಗಳ ಸಂಖ್ಯೆ. 8 ಬಿಟ್‌ನಲ್ಲಿ 256, 10 ಬಿಟ್‌ನಲ್ಲಿ 1,024. ಸುಣ್ಣ ಬಳಿದ ಗೋಡೆಯ ಮೇಲೆ ಬೆಳಕು ನಿಧಾನ ಇಳಿಯುವಾಗ 8 ಬಿಟ್‌ನಲ್ಲಿ ಗೆರೆಗಳು ಕಾಣಬಹುದು, ಅದರಲ್ಲೂ ಆಮೇಲೆ ಬಣ್ಣ ತಿದ್ದಿದರೆ. ಕ್ಯಾಮರಾದಲ್ಲಿ 10 ಬಿಟ್ ಇದ್ದರೆ ಬಳಸಿ. ಲಾಗ್ ಎಂಬ ಬೂದು ಬಣ್ಣದ ಪ್ರೊಫೈಲ್ ಇರುತ್ತದೆ. ಬಣ್ಣ ತಿದ್ದುವವರು ಜೊತೆಗಿಲ್ಲದಿದ್ದರೆ, ಅಥವಾ ಕ್ಯಾಮರಾ 8 ಬಿಟ್ ಆಗಿದ್ದರೆ, ಅದರ ತಂಟೆಗೆ ಹೋಗಬೇಡಿ. ಸಾಮಾನ್ಯ ಪ್ರೊಫೈಲಿನಲ್ಲಿ, ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಒಂದೇ ಕಡೆ ನಿಲ್ಲಿಸಿ ಚಿತ್ರೀಕರಿಸಿ. ಇಲ್ಲದಿದ್ದರೆ ಮಾತಿನ ನಡುವೆ ಅಜ್ಜಿಯ ಮೈಬಣ್ಣ ಹಳದಿಯಿಂದ ನೀಲಿಗೆ ಹೋಗುತ್ತದೆ.

ಫೋನಿನಲ್ಲಿ ತೆಗೆಯುವವರಿಗೆ ಒಂದು ಎಚ್ಚರಿಕೆ. ಫೋನು ಬೆಳಕಿಗೆ ತಕ್ಕಂತೆ ಫ್ರೇಮುಗಳ ವೇಗವನ್ನು ತಾನೇ ಏರಿಳಿಸುತ್ತದೆ. ಎಡಿಟಿಂಗಿನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಲು ಇದೇ ಕಾರಣ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮರಾ ಎಂಬ ಉಚಿತ ಆ್ಯಪ್ ಇದೆ. ಫ್ರೇಮು, ಶಟರ್, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಅದರಲ್ಲಿ ಹೇಳಿದ ಕಡೆ ನಿಲ್ಲಿಸಬಹುದು.

ಚಿತ್ರ ಮುಗಿದ ಮೇಲೆ ಮೂರು ಪ್ರತಿ ಮಾಡಿ. ಒಂದು, ಅತಿ ಕಡಿಮೆ ಹಿಂಡಿದ ಮಾಸ್ಟರ್ ಪ್ರತಿ. ಅದನ್ನು ಯಾರಿಗೂ ಕಳಿಸಬೇಡಿ, ಜೋಪಾನವಾಗಿಡಿ. ಎರಡು, ಯೂಟ್ಯೂಬಿಗೆ. 25 ಫ್ರೇಮಿನ ಫುಲ್ ಎಚ್‌ಡಿಗೆ ಯೂಟ್ಯೂಬ್ ಸೂಚಿಸುವುದು 8 ಮೆಗಾಬಿಟ್. ಅದಕ್ಕಿಂತ ಹೆಚ್ಚು ಕೊಟ್ಟರೆ ನಷ್ಟವಿಲ್ಲ, ಕಡಿಮೆ ಕೊಡಬೇಡಿ. ಅವರು ಹೇಗೂ ಇನ್ನೊಮ್ಮೆ ಹಿಂಡುತ್ತಾರೆ. ಮೂರು, ಮನೆಯವರಿಗೆ ಹಂಚಲು ಚಿಕ್ಕ ಪ್ರತಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಗುಣಮಟ್ಟದ ಅಂಕಿ ಇರುತ್ತದೆ; ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಎಚ್.264ಕ್ಕೆ ನಾನು 20ರ ಆಸುಪಾಸಿನಲ್ಲಿಡುತ್ತೇನೆ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಅದು ಮತ್ತೆ ಹಿಂಡುವುದಿಲ್ಲ.

ಈಗ ಕ್ಯಾಮರಾ

ಇಷ್ಟಾದ ಮೇಲೆ ಕ್ಯಾಮರಾ ಆರಿಸಲು ಬ್ರ್ಯಾಂಡಿನ ಹೆಸರು ಬೇಕಾಗುವುದಿಲ್ಲ, ಒಂದು ಚೀಟಿ ಸಾಕು. ಮೈಕ್ ಸೇರಿಸುವ ಜಾಗ ಇದೆಯೇ? ಹೆಡ್‌ಫೋನಿನ ಜಾಗ ಇದೆಯೇ? 4ಕೆಯಲ್ಲಿ 25 ಫ್ರೇಮ್ ಬರುತ್ತದೆಯೇ? ನಿಲ್ಲದೆ ಎಷ್ಟು ಹೊತ್ತು ಓಡುತ್ತದೆ? ಅನೇಕ ಹಳೆಯ ಕ್ಯಾಮರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ; ಕೆಲವು ಮುಂಬಯಿಯ ಮೇ ತಿಂಗಳಲ್ಲಿ ಬಿಸಿಯಾಗಿ ಆರಿಹೋಗುತ್ತವೆ. ಚಾರ್ಜ್ ಮಾಡುತ್ತಲೇ ಚಿತ್ರೀಕರಿಸಬಹುದೇ? ಮುಖ ಗುರುತಿಸಿ ಫೋಕಸ್ ಹಿಡಿಯುತ್ತದೆಯೇ? ಇವಿಷ್ಟಕ್ಕೆ ಹೌದು ಎನ್ನುವ ಸೆಕೆಂಡ್ ಹ್ಯಾಂಡ್ ಕ್ಯಾಮರಾ ಸಿಕ್ಕರೂ ಆಯಿತು. ಕೊಳ್ಳುವ ಮೊದಲು ಅಂಧೇರಿಯ ಬಾಡಿಗೆ ಅಂಗಡಿಗಳಿಂದ ಒಂದು ದಿನಕ್ಕೆ ತಂದು, ನಮ್ಮಲ್ಲೇ ಒಬ್ಬರ ಮನೆಯಲ್ಲಿ ಒಂದು ಗಂಟೆ ಓಡಿಸಿ ನೋಡಿ.

ಕೂಡಿಸಿದ ಹಣವನ್ನು ನೂರು ರೂಪಾಯಿ ಎಂದುಕೊಂಡರೆ ನನ್ನ ಹಂಚಿಕೆ ಹೀಗೆ: ಕ್ಯಾಮರಾಕ್ಕೆ 30, ಮೈಕು ಮತ್ತು ಹೆಡ್‌ಫೋನಿಗೆ 20, ಕಾರ್ಡು ಮತ್ತು ಹಾರ್ಡ್ ಡಿಸ್ಕಿಗೆ 20, ಲೆನ್ಸಿಗೆ 15, ಟ್ರೈಪಾಡು ಮತ್ತು ಬೆಳಕಿಗೆ 15. ಹಾರ್ಡ್ ಡಿಸ್ಕು ಎರಡಿರಲಿ, ಎರಡು ಬೇರೆ ಬೇರೆ ಮನೆಯಲ್ಲಿರಲಿ. ಎರಡರಲ್ಲೂ ಪ್ರತಿಯಾಗಿ, ಒಮ್ಮೆ ತೆರೆದು ನೋಡುವವರೆಗೆ ಕಾರ್ಡನ್ನು ಅಳಿಸಬಾರದು ಎಂಬ ನಿಯಮವಿರಲಿ. ಮತ್ತೊಂದು ನಿಯಮ: ಯೂಟ್ಯೂಬಿಗೆ ಹಾಕುವ ಮೊದಲು ಆ ಹಿರಿಯರಿಗೇ ತೋರಿಸಿ ಒಪ್ಪಿಗೆ ಕೇಳಬೇಕು. ಕೆಲವು ಮಾತು ಮನೆಯೊಳಗೆ ಉಳಿಯಲಿ ಎಂದರೆ ಉಳಿಯಲಿ.

"ಕ್ಯಾಮರಾ ಹಿಡಿಯಲು ಯಾರಾದರೂ ಹುಡುಗನನ್ನು ಕರೆಯೋಣವೇ" ಎಂದು ಒಬ್ಬರು ಕೇಳಿದರು. ಬೇಡ. ಬಿ.ಆರ್. ಪಂತುಲು ಅವರ ಹೆಸರು ನಿಮಗೆಲ್ಲ ಗೊತ್ತು, 'ಸ್ಕೂಲ್ ಮಾಸ್ಟರ್', 'ಕಿತ್ತೂರು ಚೆನ್ನಮ್ಮ' ತೆಗೆದವರು. ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಚೆನ್ನೈಯಲ್ಲಿ, 1985ರ 'ಚಿನ್ನವೀಡು' ತಮಿಳು ಚಿತ್ರಕ್ಕೆ ಕ್ಯಾಮರಾ ಹಿಡಿದರು. ಏಷ್ಯಾದ ಮೊದಲ ಮಹಿಳಾ ಛಾಯಾಗ್ರಾಹಕಿ ಎಂದು ಅವರನ್ನು ಗುರುತಿಸುತ್ತಾರೆ. ಆಗಿನ ಕ್ಯಾಮರಾದ ಭಾರಕ್ಕೆ ಹೋಲಿಸಿದರೆ ನಮ್ಮದು ತರಕಾರಿ ಚೀಲಕ್ಕಿಂತ ಹಗುರ. ಹೆರಿಗೆಯ, ಅತ್ತೆ ಮನೆಯ, ಕೈಯಲ್ಲಿ ಕಾಸಿಲ್ಲದ ದಿನಗಳ ಮಾತನ್ನು ಆ ಹಿರಿಯರು ನಮ್ಮೆದುರು ಆಡಿದಷ್ಟು ಸಲೀಸಾಗಿ ಗುರುತಿಲ್ಲದ ಹುಡುಗನ ಎದುರು ಆಡಲಾರರು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿಕೊಂಡು ಬನ್ನಿ. ಮನೆಯಲ್ಲಿರುವ ಹಿರಿಯರೊಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ, ಇರುವ ಫೋನಿನಲ್ಲೇ, 25 ಫ್ರೇಮ್, ಶಟರ್ 1/50 ಇಟ್ಟು, ಫ್ಯಾನ್ ಆರಿಸಿ ಐದು ನಿಮಿಷ ಮಾತಾಡಿಸಿ. ಮೂಲ ಫೈಲನ್ನೇ ಪೆನ್‌ಡ್ರೈವಿನಲ್ಲಿ ತನ್ನಿ. ಎಲ್ಲವನ್ನೂ ಇಲ್ಲೇ ಪರದೆಯ ಮೇಲೆ ಹಾಕಿ ನೋಡೋಣ. ಅಂಗಡಿಗೆ ಹೋಗುವುದು ಆಮೇಲೆ.